ಭಾನುವಾರದ ಮನೆಗಳು

ಪರದೆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಅಳತೆಯಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಮಾಲೀಕರು ಕೂಡ. ಗಿರಾಕಿಗಳ ಮನೆಗೆ ಹೋಗಿ ಕಿಟಕಿಗಳ ಅಳತೆ ತೆಗೆಯುವುದು, ಬಟ್ಟೆ ಆರಿಸಲು ನೆರವಾಗುವುದು, ಹೊಲಿದು ಮುಗಿದ ಪರದೆಗಳನ್ನು ತೂಗುಹಾಕಿ ನೆರಿಗೆ ಕೂರಿಸಿ ಬರುವುದು ಅವಳ ಕೆಲಸ. ಹದಿನಾಲ್ಕು ವರ್ಷಗಳಲ್ಲಿ ಈ ಊರಿನ ಅರ್ಧದಷ್ಟು ಮಲಗುವ ಕೋಣೆಗಳನ್ನು ನೋಡಿಬಿಟ್ಟಿದ್ದೇನೆ ಎಂದು ನಗುತ್ತಿದ್ದಳು. ಅವಳಿದ್ದ ಬಾಡಿಗೆ ಮನೆಗೆ ಇದ್ದದ್ದು ಎರಡೇ ಕಿಟಕಿ. ಒಂದನ್ನು ತೆರೆದರೆ ಪಕ್ಕದ ಕಟ್ಟಡದ ಗೋಡೆ ಮೂಗಿಗೆ ತಾಗುವಷ್ಟು ಹತ್ತಿರ. ಇನ್ನೊಂದು ತೆರೆಯುತ್ತಲೇ ಇರಲಿಲ್ಲ.

ಅವಳ ಗಂಡ ಐಸ್ ಕ್ರೀಮ್ ಅಂಗಡಿಗಳ ಫ್ರೀಜರ್‌ಗಳನ್ನು ರಿಪೇರಿ ಮಾಡುವವನು. ಅಂಗಡಿಯವರ ಬಾಯಲ್ಲಿ ಅವನು ಐಸಣ್ಣ. ಬೇಸಿಗೆ ಬಂತೆಂದರೆ ಅವನ ಫೋನಿಗೆ ಬಿಡುವಿಲ್ಲ. ಗ್ಯಾಸ್ ಸೋರಿತು, ಬಾಗಿಲ ರಬ್ಬರ್ ಹರಿಯಿತು, ಡಬ್ಬಿಗಟ್ಟಲೆ ಮಾಲು ಕರಗುತ್ತಿದೆ, ಓಡಿ ಬಾ ಅಣ್ಣ ಎಂದು ಎಲ್ಲ ಕಡೆಯಿಂದ ಕರೆ. ಬೆಳಿಗ್ಗೆ ಹೋದವನು ಮೈತುಂಬ ಧೂಳು, ಕೈತುಂಬ ಗ್ರೀಸು ಹಚ್ಚಿಕೊಂಡು ಬಂದು, ಉಂಡು, ರೇಡಿಯೊ ಹಚ್ಚಿಕೊಂಡು ಒರಗಿಬಿಡುತ್ತಿದ್ದ. ಅವಳು ಪಾತ್ರೆ ತೊಳೆಯುತ್ತಿದ್ದಳು. ಗ್ಯಾಸ್ ಮುಗಿಯಿತು, ನಲ್ಲಿ ನೀರು ಇವತ್ತು ತಡ, ನಿಮ್ಮ ಅಕ್ಕ ಫೋನ್ ಮಾಡಿದ್ದರು. ಇಷ್ಟರಲ್ಲಿ ಅವರ ಮಾತು ಮುಗಿಯುತ್ತಿತ್ತು. ಮಕ್ಕಳಾಗಿರಲಿಲ್ಲ. ಅದರ ಬಗ್ಗೆ ಇಬ್ಬರೂ ಮಾತು ನಿಲ್ಲಿಸಿ ಎಷ್ಟೋ ವರ್ಷಗಳಾಗಿದ್ದವು. ಒಂದು ಮಾತನ್ನು ನಿಲ್ಲಿಸಲು ಹೋಗಿ ಅದರ ಅಕ್ಕಪಕ್ಕದ ಮಾತುಗಳೂ ನಿಂತುಹೋಗಿದ್ದವು.

ಭಾನುವಾರದ ಲೆಕ್ಕವೇ ಬೇರೆ. ಅವತ್ತು ಅವರು ಮನೆ ನೋಡಲು ಹೋಗುತ್ತಿದ್ದರು.

ಸ್ವಂತದ್ದೊಂದು ಮನೆ ಕೊಳ್ಳಬೇಕೆಂದು ತೀರ್ಮಾನವಾಗಿ ಆರು ವರ್ಷವಾಗಿತ್ತು. ಮನೆ ತೋರಿಸುತ್ತಿದ್ದವನು ಒಬ್ಬ ಬ್ರೋಕರ್. ಸೊಂಟದಲ್ಲಿ ಸದಾ ಕೀಲಿ ಗೊಂಚಲು ಗಲಗಲ ಎನ್ನುತ್ತಿದ್ದುದರಿಂದ ಅವನಿಗೆ ಕೀಲಿಕೈ ಎಂದು ಹೆಸರು. ಬಾಗಿಲು ತೆರೆದು ಅವನು ಪಕ್ಕಕ್ಕೆ ಸರಿದನೋ ಇಲ್ಲವೋ, ಅಳತೆಯಕ್ಕ ಬೇರೆಯೇ ಹೆಂಗಸಾಗುತ್ತಿದ್ದಳು. ಚಪ್ಪಲಿ ಹೊರಗೆ ಬಿಟ್ಟು ಖಾಲಿ ಕೋಣೆಯ ನಡುವೆ ನಿಂತು ಸುತ್ತಲೂ ನೋಡುವಳು. ಬ್ಯಾಗಿನಿಂದ ಟೇಪು ಹೊರಗೆ ಬರುವುದು.

"ನೋಡಿ, ಮಂಚ ಈ ಗೋಡೆಗೆ. ಬೆಳಿಗ್ಗೆ ಬಿಸಿಲು ಕಾಲಿನ ಮೇಲೆ ಬೀಳಬೇಕು, ಮುಖದ ಮೇಲಲ್ಲ. ಇಲ್ಲಿ ಹಳದಿ ಬಣ್ಣ. ಅರಿಶಿನದ ಹಳದಿ ಅಲ್ಲ ರೀ, ಬೆಣ್ಣೆ ಇದೆಯಲ್ಲ, ಆ ಹಳದಿ. ನಿಮಗೆ ಇಲ್ಲೊಂದು ಕುರ್ಚಿ. ನೀವು ಕೂತ್ಕೊಂಡು ಶೂ ಬಿಚ್ಚೋಕೆ. ಈಗ ಬಾಗಿಲಲ್ಲಿ ಒಂಟಿ ಕಾಲಲ್ಲಿ ಕುಣೀತೀರಲ್ಲ, ಆ ಕಷ್ಟ ತಪ್ಪುತ್ತೆ."

ಐಸಣ್ಣ ಕೈಕಟ್ಟಿಕೊಂಡು ನಿಂತು ಕೇಳುತ್ತಿದ್ದ. ನಡುನಡುವೆ "ದೀಪ ಎಲ್ಲಿಗೆ?" ಎಂದೋ "ಅಡುಗೆಮನೆಗೆ ಯಾವ ಬಣ್ಣ?" ಎಂದೋ ಕೇಳುವನು. ಅಷ್ಟು ಸಾಕು, ಅವಳಿಗೆ ಇನ್ನರ್ಧ ಗಂಟೆಯ ಮಾತು ಸಿಗುತ್ತಿತ್ತು. ಆಮೇಲೆ ಇಬ್ಬರೂ ಅವನ ಗುರುತಿನ ಯಾವುದಾದರೂ ಐಸ್ ಕ್ರೀಮ್ ಅಂಗಡಿಗೆ ಹೋಗಿ ಕೂರುತ್ತಿದ್ದರು. ಐಸಣ್ಣ ಬಂದನೆಂದರೆ ಅಂಗಡಿಯವರು ಕೇಳದೆಯೇ ಎರಡು ದೊಡ್ಡ ಕಪ್ಪು ತಂದಿಡುತ್ತಿದ್ದರು. ಅವಳಿಗೆ ಸ್ಟ್ರಾಬೆರಿ, ಅವನಿಗೆ ಏನಾದರೂ ಸರಿ. ಅವಳು ಚಮಚವನ್ನು ಗಾಳಿಯಲ್ಲಿ ಆಡಿಸುತ್ತ ಕಪಾಟು ಕೂರಿಸುವಳು, ಪರದೆ ಎಳೆಯುವಳು. ಅವಳ ಕಪ್ಪು ಕರಗಿ ಗುಲಾಬಿ ನೀರಾಗುತ್ತಿತ್ತು. ಅವನು ತನ್ನದನ್ನು ಬೇಗ ಮುಗಿಸಿ ಅವಳ ಮುಖ ನೋಡುತ್ತ ಕೂರುತ್ತಿದ್ದ.

ಸೀಸನ್ ಮುಗಿದ ಬಟ್ಟೆಯ ಸ್ಯಾಂಪಲ್ ಪುಸ್ತಕಗಳನ್ನು ಪರದೆ ಅಂಗಡಿಯಲ್ಲಿ ಎಸೆಯುತ್ತಿದ್ದರು. ಅವುಗಳಿಂದ ಇಷ್ಟವಾದ ಚೂರುಗಳನ್ನು ಕತ್ತರಿಸಿ ಅವಳು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದಳು. ಪ್ರತಿ ಚೂರಿಗೂ ಒಂದು ಚೀಟಿ: ಅಡುಗೆಮನೆ, ನಡುಮನೆ, ಸೋಫಾ ಆದರೆ. ಹಳೆಯ ಚೂರು ಬೇಸರವಾದರೆ ತೆಗೆದು ಹೊಸದು ಇಡುತ್ತಿದ್ದಳು. ಇಲ್ಲದ ಮನೆಯ ಪರದೆಗಳು ಆರು ವರ್ಷಗಳಲ್ಲಿ ನಾಲ್ಕು ಸಲ ಬದಲಾಗಿದ್ದವು.

ಮನೆ ಮಾತ್ರ ಕುದುರುತ್ತಿರಲಿಲ್ಲ. ಬೆಲೆ ಮಾತಾಡುವ ಕೆಲಸ ಐಸಣ್ಣನದು. "ನೀನು ಮುಖದಲ್ಲೇ ಎಲ್ಲ ತೋರಿಸಿಬಿಡ್ತೀಯ. ನಿನಗೆ ಇಷ್ಟ ಆಗಿದೆ ಅಂತ ಗೊತ್ತಾದ್ರೆ ಅವರು ತಲೆ ಮೇಲೆ ಕೂತ್ಕೋತಾರೆ. ನಾನು ಮಾತಾಡ್ತೀನಿ ಬಿಡು," ಎನ್ನುತ್ತಿದ್ದ. ಅದು ಅವಳಿಗೂ ಸರಿ ಎನಿಸುತ್ತಿತ್ತು. ವಾರದ ನಡುವೆ ಒಂದು ದಿನ ಅವನು ತಲೆ ತಗ್ಗಿಸಿಕೊಂಡು ಬರುತ್ತಿದ್ದ. ಬೇರೆಯವರಿಗೆ ಮೊದಲೇ ಮಾತು ಕೊಟ್ಟಿದ್ದರಂತೆ. ಕಾಗದಪತ್ರ ಸರಿ ಇಲ್ಲವಂತೆ. ಅಣ್ಣತಮ್ಮಂದಿರ ಜಗಳವಂತೆ. ಅವಳು ಎರಡು ದಿನ ಮಂಕಾಗುತ್ತಿದ್ದಳು. ಶುಕ್ರವಾರದ ಹೊತ್ತಿಗೆ "ಈ ಸಲ ಕೀಲಿಕೈ ಎಲ್ಲಿಗೆ ಕರ್ಕೊಂಡು ಹೋಗ್ತಾನಂತೆ?" ಎಂದು ಅವಳೇ ಕೇಳುತ್ತಿದ್ದಳು.

ಹೋದ ಬೇಸಿಗೆಯಲ್ಲಿ ನೋಡಿದ್ದು ಟೀಚರಮ್ಮನ ಮನೆ. ನಿವೃತ್ತರಾದ ಗಣಿತದ ಟೀಚರು. ಮೆಟ್ಟಿಲು ಹತ್ತಲಾಗದೆ ಮನೆ ಮಾರಿ ತಂಗಿಯ ಊರಿಗೆ ಹೋಗುವವರಿದ್ದರು. ಹಳೆಯ ಮನೆ, ಚಿಕ್ಕದು, ಆದರೆ ಏಳು ಕಿಟಕಿ. ಹಿಂದೆ ಬಟ್ಟೆ ಒಣಗಿಸುವಷ್ಟು ಜಾಗ, ಅಲ್ಲೊಂದು ನಿಂಬೆ ಗಿಡ. ಬಿಸಿಲಲ್ಲಿ ನಡೆದು ಬಂದವರಿಗೆ ಟೀಚರಮ್ಮ ಅದೇ ಗಿಡದ ಹಣ್ಣು ಹಿಂಡಿ ಶರಬತ್ತು ಮಾಡಿಕೊಟ್ಟರು. ಫ್ರಿಜ್ ಗುರುಗುಟ್ಟುವ ಸದ್ದು ಕೇಳಿ ಐಸಣ್ಣ ಸುಮ್ಮನಿರಲಾರದೆ ಅದನ್ನು ಎಳೆದು, ಹಿಂದೆ ಕಟ್ಟಿದ್ದ ಧೂಳು ಒರೆಸಿ, ಕಾಲು ಸಮ ಮಾಡಿಕೊಟ್ಟ. ಸದ್ದು ನಿಂತಿತು. ಟೀಚರಮ್ಮನಿಗೆ ಇಬ್ಬರೂ ಹಿಡಿಸಿಬಿಟ್ಟರು.

ಅಳತೆಯಕ್ಕ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಪೂರ್ವಕ್ಕೆ ದೊಡ್ಡ ಕಿಟಕಿ, ಕಟ್ಟೆಯ ತುಂಬ ಬೆಳಕು. "ಇಷ್ಟು ಬೆಳಕಿರೋ ಅಡುಗೆಮನೆ ನಾನು ಗಿರಾಕಿಗಳ ಮನೇಲೂ ನೋಡಿಲ್ಲ," ಎಂದಳು. ಅವತ್ತು ಐಸ್ ಕ್ರೀಮ್ ಅಂಗಡಿಯಲ್ಲಿ ಕೂತಾಗ ಅವಳು ಎಂದಿನಂತೆ ಹರಟಲಿಲ್ಲ. "ರೀ, ಇದು ಆಗುತ್ತೆ ಅನ್ಸುತ್ತೆ," ಎಂದಳಷ್ಟೆ. ಐಸಣ್ಣ ಚಮಚ ಕೆಳಗಿಟ್ಟು ರಸ್ತೆಯ ಕಡೆ ನೋಡಿದ.

ಬುಧವಾರ ಅವನು ಬಂದು ಹೇಳಿದ: "ಟೀಚರಮ್ಮನ ಮಗ ಬೇಡ ಅಂದನಂತೆ. ಅಮ್ಮ ಇರೋ ತನಕ ಮನೆ ಮಾರೋದು ಬೇಡ ಅಂತ ಹಟ ಹಿಡಿದಿದಾನಂತೆ."

ಆ ಸಲ ಅವಳು ಚೇತರಿಸಿಕೊಳ್ಳಲು ಒಂದು ತಿಂಗಳೇ ಹಿಡಿಯಿತು. ಆಮೇಲೆ ಮತ್ತೆ ಭಾನುವಾರಗಳು ಶುರುವಾದವು.

ಈ ವರ್ಷ ಬಿಸಿಲು ಏರುತ್ತಿದ್ದ ಒಂದು ಮಂಗಳವಾರ ಮಾಲೀಕರು ಅವಳ ಕೈಗೆ ಆರ್ಡರ್ ಚೀಟಿ ಕೊಟ್ಟರು. ವಿಳಾಸ ಓದಿದಾಗ ಅವಳಿಗೆ ಹೊಳೆಯಲಿಲ್ಲ. ಆ ಬೀದಿಯ ತಿರುವಿಗೆ ಬಂದಾಗ ಕಾಲು ತಾನಾಗಿ ನಿಧಾನವಾಯಿತು. ಟೀಚರಮ್ಮನೇ ಬಾಗಿಲು ತೆರೆದರು. ಒಂದು ಕ್ಷಣ ಕಣ್ಣು ಕಿರಿದು ಮಾಡಿ ನೋಡಿ, "ಅರೆ, ನೀವಾ?" ಎಂದರು. ದನಿಯಲ್ಲಿ ಸಂತೋಷವೂ ಇತ್ತು, ಸಣ್ಣ ಮುನಿಸೂ ಇತ್ತು.

ಅಳತೆಯಕ್ಕ ಟೇಪು ತೆಗೆಯುತ್ತ ಕೇಳಿದಳು: "ನಿಮ್ಮ ಮಗ ಈಗಲೂ ಮಾರೋದು ಬೇಡ ಅಂತಲೇ ಇದಾರಾ ಅಮ್ಮ?"

"ಯಾವ ಮಗ?"

"ಅದೇ, ಹೋದ ವರ್ಷ ಬೇಡ ಅಂದರಲ್ಲ."

ಟೀಚರಮ್ಮ ನಕ್ಕರು. "ನನಗೆ ಮದುವೆಯೇ ಆಗಿಲ್ಲ ಕಣಮ್ಮ. ಮಗ ಎಲ್ಲಿಂದ ಬರ್ತಾನೆ? ಬೇರೆ ಯಾರ ಮನೆ ಜೊತೆಗೋ ಸೇರಿಸಿಕೊಂಡಿದೀರಿ." ಆಮೇಲೆ ಕುರ್ಚಿಯಲ್ಲಿ ಕೂತು, ಅಷ್ಟು ದಿನ ಒಳಗಿಟ್ಟುಕೊಂಡಿದ್ದನ್ನು ಹೇಳಿದರು. "ನಿಮ್ಮ ಯಜಮಾನರೇ ಫೋನ್ ಮಾಡಿದ್ರಲ್ಲ. ನಿಮಗೆ ಅಡುಗೆಮನೆ ಕತ್ತಲು ಅನ್ನಿಸ್ತಂತೆ, ಇಷ್ಟ ಆಗಲಿಲ್ಲವಂತೆ ಅಂತ. ನನಗೆ ಒಂಥರಾ ಆಯ್ತು. ಬೇಕಾದ್ರೆ ಇನ್ನೊಂದು ಕಿಟಕಿ ಒಡೆಸಿ ಕೊಡ್ತೀನಿ, ಬೆಲೆಯೂ ನೋಡೋಣ ಅಂದೆ. ಇಲ್ಲಮ್ಮ, ಅವಳಿಗೆ ಮನಸ್ಸಿಲ್ಲ ಅಂದ್ರು. ಆದರೂ ಎರಡು ತಿಂಗಳು ಯಾರಿಗೂ ತೋರಿಸದೆ ಕಾದೆ. ನೀವು ಆ ಕಟ್ಟೆ ಮುಂದೆ ನಿಂತಿದ್ದು ನೋಡಿದ್ದೆನಲ್ಲ, ಅದಕ್ಕೆ."

ಅಳತೆಯಕ್ಕ ಕಿಟಕಿಯ ಚೌಕಟ್ಟಿಗೆ ಹಿಡಿದ ಟೇಪನ್ನು ಹಾಗೇ ಹಿಡಿದುಕೊಂಡಿದ್ದಳು.

"ಈಗ...?" ಎಂದಳು.

"ತಂಗಿ ಮಗಳಿಗೆ ಕೊಟ್ಟುಬಿಟ್ಟೆ. ಮುಂದಿನ ತಿಂಗಳು ಬರ್ತಾಳೆ. ನಾನೂ ಅವಳ ಜೊತೆ ಇಲ್ಲೇ ಇರ್ತೀನಿ. ಹಳೇ ಪರದೆ ನೋಡಿ ನಕ್ಕಳು, ಅದಕ್ಕೇ ನಿಮ್ಮ ಅಂಗಡಿಗೆ ಹೇಳಿಕಳಿಸಿದೆ. ಯಾವ ಬಣ್ಣ ಹಾಕಿದ್ರೆ ಚೆಂದ? ನಿಮಗೇ ಚೆನ್ನಾಗಿ ಗೊತ್ತು."

ಅವಳು ಏಳು ಕಿಟಕಿಗಳನ್ನೂ ಅಳೆದಳು. ಎರಡೂ ಕಡೆ ಒಂದೊಂದು ಗೇಣು ಹೆಚ್ಚಿಗೆ ಹಿಡಿದಳು, ನೆರಿಗೆಗೆ ಅಗಲದ ಎರಡರಷ್ಟು ಬಟ್ಟೆ ಬರೆದಳು. ಅಡುಗೆಮನೆಗೆ ಬಂದಾಗ, "ಇಲ್ಲಿಗೆ ತೆಳು ಬಟ್ಟೆ ಸಾಕು. ಬೆಳಕು ತಡೀಬಾರದು," ಎಂದಳು. ಒಂದು ಅಂಗುಲವೂ ತಪ್ಪಲಿಲ್ಲ. ಟೀಚರಮ್ಮ ಕೊಟ್ಟ ಶರಬತ್ತನ್ನು ನಿಂತೇ ಕುಡಿದು ಲೋಟ ತೊಳೆದಿಟ್ಟು ಹೊರಟಳು.

ಅಲ್ಲಿಂದ ನೇರ ಹೋದದ್ದು ಕೀಲಿಕೈಯ ಬಳಿಗೆ. ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡು ಕೂರುತ್ತಿದ್ದ ಅವನು, ಅವಳ ಮುಖ ನೋಡುತ್ತಲೇ ಎದ್ದು ನಿಂತ.

"ಅಕ್ಕಾ, ನನ್ನ ಮೇಲೆ ಕೋಪ ಮಾಡ್ಕೋಬೇಡಿ," ಎಂದ, ಅವಳಿನ್ನೂ ಏನೂ ಕೇಳಿರಲಿಲ್ಲ.

"ಯಾವ್ಯಾವ ಮನೆ?"

"ನೀವಿಬ್ರೂ ಮಾತಾಡ್ಕೊಂಡೇ ಬೇಡ ಅಂತಿದೀರಿ ಅಂದ್ಕೊಂಡಿದ್ದೆ. ದೇವರಾಣೆ."

"ಯಾವ್ಯಾವುದು ಅಂತ ಕೇಳಿದೆ."

ಅವನು ಕೀಲಿಗಳನ್ನು ಒಂದೊಂದಾಗಿ ಸರಿಸುತ್ತ ತಲೆ ತಗ್ಗಿಸಿದ. "ಮಿಲ್ಲಿನ ಹಿಂದಿನ ಮನೆ ಒಂದು ಬಿಟ್ಟು ಎಲ್ಲಾನೂ. ಅದರ ಕಾಗದ ನಿಜವಾಗ್ಲೂ ಸರಿ ಇರ್ಲಿಲ್ಲ." ಮತ್ತೆ ತಾನೇ ಹೇಳಿದ: "ಒಂದ್ಸಲ ನಾನೇ ಕೇಳ್ದೆ, ಯಾಕಣ್ಣ ಹೀಗೆ ಮಾಡ್ತೀರಿ, ನನ್ನ ಚಪ್ಪಲೀನೂ ಸವೀತಿದೆ ಅಂತ. ಅವಳಿಗೆ ಮನೆ ನೋಡೋದು ಅಂದ್ರೆ ಇಷ್ಟ, ನೀನು ತೋರಿಸ್ತಾ ಇರು, ನಿನ್ನ ಶ್ರಮಕ್ಕೆ ನಾನಿದೀನಿ ಅಂದ್ರು."

ಐಸಣ್ಣ ಅವತ್ತು ಎಲ್ಲಿದ್ದಾನೆಂದು ಅವಳಿಗೆ ಗೊತ್ತಿತ್ತು. ಸಿನಿಮಾ ಮಂದಿರದ ಎದುರಿನ ಐಸ್ ಕ್ರೀಮ್ ಅಂಗಡಿ. ಮಧ್ಯಾಹ್ನದ ಬಿಸಿಲಿಗೆ ಶಾಲೆ ಬಿಟ್ಟ ಮಕ್ಕಳು ಬಾಗಿಲಲ್ಲೇ ಮುತ್ತಿಕೊಂಡಿದ್ದರು. ಐಸಣ್ಣ ಫ್ರೀಜರ್‌ನ ಹಿಂದೆ ಮೊಣಕಾಲೂರಿ, ತಲೆಯನ್ನು ಅರ್ಧ ಒಳಗೆ ತೂರಿಸಿಕೊಂಡು ಕೂತಿದ್ದ. ಅಂಗಡಿಯವರು ಅವಳನ್ನು ನೋಡಿ ರೂಢಿಯಂತೆ ಕಪ್ಪಿಗೆ ಕೈಹಾಕಿದರು. "ಬೇಡ, ಅವರನ್ನ ಸ್ವಲ್ಪ ಕರೀರಿ," ಎಂದಳು.

ಹಿಂದಿನ ಓಣಿಯಲ್ಲಿ ಖಾಲಿ ಡಬ್ಬಿಗಳ ರಾಶಿ ಇತ್ತು. ಅಲ್ಲಿ ಇಬ್ಬರೂ ನಿಂತರು. ಅವನು ಕೈ ಒರೆಸಿಕೊಳ್ಳುತ್ತಿದ್ದ.

"ಟೀಚರಮ್ಮನಿಗೆ ಮದುವೆಯೇ ಆಗಿಲ್ಲವಂತೆ," ಎಂದಳು.

ಅವನ ಕೈ ನಿಂತಿತು. ಸುಳ್ಳು ಹೇಳಲು ಅವನು ಬಾಯಿ ತೆರೆಯಲಿಲ್ಲ. ಅಷ್ಟರ ಮಟ್ಟಿಗೆ ಅವನನ್ನು ಒಪ್ಪಬೇಕು.

"ಕೀಲಿಕೈ ಹತ್ರಾನೂ ಹೋಗಿದ್ದೆ."

"ಹೂಂ."

"ಯಾಕೆ? ದುಡ್ಡು ಸಾಲದೇನೋ ಅಂದ್ಕೊಂಡೆ. ಆದ್ರೆ ಬ್ಯಾಂಕಿನವರು ಸಾಲ ಕೊಡ್ತೀವಿ ಅಂತ ಆವಾಗ್ಲೇ ಬರೆದುಕೊಟ್ಟಿದ್ರಲ್ಲ. ಯಾಕೆ ಹೀಗೆ ಮಾಡಿದ್ರಿ?"

ಅವನು ಒಂದು ಡಬ್ಬಿಯ ಮುಚ್ಚಳವನ್ನು ಕಾಲಿಂದ ಆಚೀಚೆ ತಳ್ಳಿದ. "ಮನೆ ಸಿಕ್ಕಿದ್ರೆ ಮುಗೀತಿತ್ತಲ್ಲ," ಎಂದ.

"ಏನು ಮುಗೀತಿತ್ತು?"

"ನೀನು ಮಾತಾಡೋದು." ಅವನು ಅವಳ ಕಡೆ ನೋಡಲಿಲ್ಲ. "ವಾರಪೂರ್ತಿ ನನ್ನ ಹತ್ರ ಏನು ಮಾತಾಡ್ತೀಯ ಹೇಳು? ಗ್ಯಾಸ್ ಮುಗೀತು, ನೀರು ಬಂತು. ಭಾನುವಾರ ಒಂದಿನ ನೀನು ಹಳೇ ಥರ ಆಗ್ತಿದ್ದೆ. ನನಗೆ ಕುರ್ಚಿ ಹಾಕ್ತಿದ್ದೆ. ನಗ್ತಿದ್ದೆ. ಮನೆ ಕೊಂಡು, ಬಣ್ಣ ಬಳಿದು, ಪರದೆ ಹಾಕಿದ ಮೇಲೆ ಏನಿರ್ತಿತ್ತು? ಮತ್ತೆ ಗ್ಯಾಸು, ಮತ್ತೆ ನೀರು. ಮೊದಲ ಸಲ ಹೆದರಿಕೆಯಾಯ್ತು, ಬೇಡ ಅಂದುಬಿಟ್ಟೆ. ಮುಂದಿನ ಭಾನುವಾರ ನೀನು ಮತ್ತೆ ಹೊರಟೆ. ಹಾಗೇ ಅಭ್ಯಾಸ ಆಗಿಹೋಯ್ತು."

"ನನ್ನನ್ನ ಕೇಳಬಹುದಿತ್ತು."

"ಏನಂತ?"

"ಮಾತಾಡು ಅಂತ."

ಒಳಗಿನಿಂದ ಅಂಗಡಿಯವರು, "ಅಣ್ಣಾ, ಮೇಲಿನ ಸಾಲು ಮೆತ್ತಗಾಗ್ತಿದೆ," ಎಂದು ಕೂಗಿದರು. ಅವನು ಬಾಗಿಲ ಕಡೆಗೂ ಅವಳ ಕಡೆಗೂ ನೋಡಿದ. "ಹೋಗಿ, ಕೆಲಸ ನೋಡ್ಕೊಳ್ಳಿ," ಎಂದು ಅವಳೇ ಹೊರಟುಬಂದಳು.

ಮನೆ ಕೈತಪ್ಪಿದ್ದಕ್ಕಿಂತ ಹೆಚ್ಚಾಗಿ ಅವಳನ್ನು ಸುಟ್ಟದ್ದು ನಾಚಿಕೆ. ಖಾಲಿ ಕೋಣೆಗಳಲ್ಲಿ ಅಲ್ಲಿ ಮಂಚ, ಇಲ್ಲಿ ದೀಪ ಎಂದು ತಾನು ಕೈಬೀಸುತ್ತಿದ್ದಾಗಲೆಲ್ಲ ಎದುರಿಗಿದ್ದವನಿಗೆ ಗೊತ್ತಿತ್ತು, ಕೀಲಿ ಹಿಡಿದು ನಿಂತವನಿಗೂ ಗೊತ್ತಿತ್ತು. ಅರಿಯದೆ ಆಡುತ್ತಿದ್ದವಳು ತಾನೊಬ್ಬಳೇ. ಆರು ವರ್ಷದ ಮಾತುಗಳನ್ನು ಒಂದೊಂದಾಗಿ ನೆನೆದುಕೊಂಡು ಅವಳು ಬಸ್ಸಿನ ಸೀಟಿನಲ್ಲಿ ಕಿವಿ ಕೆಂಪಗಾಗಿ ಕೂತಿದ್ದಳು. ಮರುದಿನ ಬಿಸ್ಕತ್ತಿನ ಡಬ್ಬಿಯನ್ನು ಅಂಗಡಿಗೆ ತಂದು, ಚೂರುಗಳನ್ನೆಲ್ಲ ದಿಂಬಿಗೆ ತುಂಬುವ ಚಿಂದಿ ಚೀಲಕ್ಕೆ ಸುರಿದಳು. ಹೊಲಿಗೆಯ ಹುಡುಗಿಯೊಬ್ಬಳು "ಅಕ್ಕಾ, ಇವು ನಿಮ್ಮ ಹೊಸ ಮನೇದಲ್ವಾ?" ಎಂದಾಗ, "ಹಳೇದಾಯ್ತು," ಎಂದಳು.

ಟೀಚರಮ್ಮನ ಪರದೆಗಳನ್ನು ತೂಗುಹಾಕಿ ಬಂದ ಹದಿನೈದು ದಿನಕ್ಕೆ ಅವಳು ಒಬ್ಬಳೇ ಹೋಗಿ ಮನೆ ಕೊಂಡಳು. ಬಸ್ ಡಿಪೋದ ಹಿಂದೆ ಹೊಸದಾಗಿ ಎದ್ದ ಕಟ್ಟಡ, ಮೂರನೇ ಮಹಡಿ, ಒಂದು ಕೋಣೆ, ಒಂದು ನಡುಮನೆ. ಊಟದ ಬಿಡುವಿನಲ್ಲಿ ಒಮ್ಮೆ ನೋಡಿದ್ದಷ್ಟೆ. ಟೇಪು ತೆಗೆಯಲಿಲ್ಲ. ಬಿಲ್ಡರನ ಕಡೆಯವನು "ಬಾಲ್ಕನಿ ನೋಡಿ ಮೇಡಂ," ಎಂದರೆ "ಇರಲಿ ಬಿಡಿ," ಎಂದಳು.

ಸಹಿ ಹಾಕಿ ಬಂದ ದಿನ ಊಟಕ್ಕೆ ಬಡಿಸುತ್ತ ಗಂಡನಿಗೆ ತಿಳಿಸಿದಳು.

"ಹೇಗಿದೆ?" ಎಂದ ಅವನು.

"ಗೋಡೆ ಇದೆ, ಬಾಗಿಲಿದೆ."

"ನಾನು... ನಾನೂ ಬರ್ಲಾ?"

ಅವಳು ಆಶ್ಚರ್ಯದಿಂದ ಅವನನ್ನು ನೋಡಿದಳು. "ಬರದೆ ಎಲ್ಲಿಗೆ ಹೋಗ್ತೀರಿ?" ಎಂದಳು. ಬಿಟ್ಟುಹೋಗಲು ಬೇಕಾಗುವಷ್ಟು ಸಿಟ್ಟು ಕೂಡ ಅವಳಲ್ಲಿ ಉಳಿದಿರಲಿಲ್ಲ.

ಹೊಸ ಮನೆಗೆ ಬಂದು ಆರು ತಿಂಗಳಾದರೂ ಗೋಡೆಗಳು ಬಿಲ್ಡರ್ ಬಳಿಸಿದ ಬಿಳಿ ಸುಣ್ಣದಲ್ಲೇ ಇದ್ದವು. ಕಿಟಕಿಯ ಗಾಜಿಗೆ ಕೆಲಸದವರು ಅಂಟಿಸಿದ್ದ ಪೇಪರೂ ಹಾಗೇ ಇತ್ತು. ಪರದೆ ಅಂಗಡಿಯವಳ ಮನೆಗೇ ಪರದೆ ಇಲ್ಲ ಎಂದು ಅಂಗಡಿಯಲ್ಲಿ ಛೇಡಿಸಿದರೆ ಅವಳೂ ನಕ್ಕುಬಿಡುತ್ತಿದ್ದಳು. ಐಸಣ್ಣ ಒಂದು ರಜೆಯ ದಿನ ಪೇಂಟು, ಬ್ರಷ್ಷು ತಂದು, ಅವಳು ಕೆಲಸದಿಂದ ಬರುವಷ್ಟರಲ್ಲಿ ನಡುಮನೆಯ ಒಂದು ಗೋಡೆಗೆ ಹಳದಿ ಬಳಿದಿಟ್ಟ. ಬೆಣ್ಣೆಯ ಹಳದಿಯೇ. ಆ ಬಣ್ಣಕ್ಕಾಗಿ ನಾಲ್ಕು ಅಂಗಡಿ ತಿರುಗಿದ್ದ. ಮೂಗಿನ ಮೇಲೆ ಬಣ್ಣ ಮೆತ್ತಿಕೊಂಡು ಬಾಗಿಲಲ್ಲಿ ಕಾದು ನಿಂತಿದ್ದ.

ಅವಳು ಗೋಡೆ ನೋಡಿದಳು. "ಚೆನ್ನಾಗಿದೆ," ಎಂದಳು. ಬ್ಯಾಗು ಇಟ್ಟು ಬಟ್ಟೆ ನೆನೆಸಲು ಹೋದಳು. ಅವನು ಉಳಿದ ಮೂರು ಗೋಡೆಗಳನ್ನು ಬಳಿಯಲಿಲ್ಲ.

ಎದುರು ಮನೆಗೆ ಆಗಷ್ಟೇ ಮದುವೆಯಾದ ಜೋಡಿಯೊಂದು ಬಂತು. ಆ ಹುಡುಗಿ ಆಸ್ಪತ್ರೆಯಲ್ಲಿ ನರ್ಸು. ಒಂದು ಸಂಜೆ ಐಸಣ್ಣ ಮೆಟ್ಟಿಲು ಹತ್ತಿ ಬರುವಾಗ ಮೂರನೇ ಮಹಡಿಯ ತಿರುವಿನಲ್ಲಿ ಅವನಿಗೆ ಹೆಂಡತಿಯ ದನಿ ಕೇಳಿಸಿತು. ಎದುರು ಮನೆಯ ಬಾಗಿಲು ಅರ್ಧ ತೆರೆದಿತ್ತು.

"ಅಯ್ಯೋ ಹುಡುಗಿ, ಕಪಾಟು ಅಲ್ಲಿಟ್ರೆ ಗಾಳಿ ಎಲ್ಲಿಂದ ಬರುತ್ತೆ? ಈ ಮೂಲೆಗೆ ತಳ್ಳು. ಇಲ್ಲಿ ಕಿಟಕಿಗೆ ನಾನೇ ಹೊಲಿದು ಕೊಡ್ತೀನಿ, ತಿಳಿ ಹಸಿರು. ನಿನ್ನ ಗಂಡ ಉದ್ದ ಅಲ್ವಾ, ದೀಪ ಇಲ್ಲಿ ಹಾಕಿದ್ರೆ ದಿನಾ ತಲೆ ಬಡ್ಕೋತಾನೆ ನೋಡು."

ನರ್ಸು ಹುಡುಗಿ ನಕ್ಕಳು. ಅಳತೆಯಕ್ಕನೂ ನಕ್ಕಳು, ಗಟ್ಟಿಯಾಗಿ, ಉಸಿರು ತಪ್ಪುವ ಹಾಗೆ.

ಐಸಣ್ಣ ಗೋಡೆಗೆ ಒರಗಿ ನಿಂತ. ಮೇಲಿನ ಮಹಡಿಯವರು ಇಳಿದು ಬಂದಾಗ ಶೂ ಲೇಸು ಕಟ್ಟಿಕೊಳ್ಳುವವನಂತೆ ಬಗ್ಗಿದ. ಅವರು ಹೋದ ಮೇಲೂ ಸ್ವಲ್ಪ ಹೊತ್ತು ಹಾಗೇ ಬಗ್ಗಿಕೊಂಡಿದ್ದ. ಒಳಗೆ ಮಾತು ಕಪಾಟಿನಿಂದ ಅಡುಗೆಮನೆಗೆ ಸಾಗಿತು. ಆಮೇಲೆ ಅವನು ಸದ್ದಾಗದಂತೆ ತನ್ನ ಮನೆಯ ಬೀಗ ತೆಗೆದು ಒಳಗೆ ಹೋಗಿ, ಬಾಗಿಲನ್ನು ಪೂರ್ತಿ ಮುಚ್ಚದೆ ಕೂತ.